ಪೆಟ್ಟನ್ನಾಲಿಸುವ ವಾದ್ಯ

ಭಾದ್ರಪದ ಮಾಸದಲ್ಲಿ ಅರಸೀಕೆರೆಯ ಗಣಪತಿ ಪೆಂಡಾಲಿನಲ್ಲಾಗಲಿ, ಬೇಲೂರು ಹಳೇಬೀಡುಗಳ ಸುತ್ತಣ ಹಳ್ಳಿಗಳ ಜಾತ್ರೆಯಲ್ಲಾಗಲಿ ಆರ್ಕೆಸ್ಟ್ರಾ ಕೇಳಲು ಕುಳಿತವರು, ವೇದಿಕೆಯ ಒಂದಂಚಿನಲ್ಲಿ ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿದ ಕಪ್ಪು ಹಲಗೆಯೊಂದನ್ನು ಎರಡು ಕಡ್ಡಿಗಳಿಂದ ಬಡಿಯುತ್ತ, ಅದರಿಂದ ಒಮ್ಮೆ ತಬಲೆಯನ್ನೂ ಒಮ್ಮೆ ಢೋಲಕ್ಕನ್ನೂ ಮತ್ತೊಮ್ಮೆ ತಮಟೆಯನ್ನೂ ಹೊರಡಿಸುವ ಕಲಾವಿದನನ್ನು ಕಂಡೇ ಇರುತ್ತಾರೆ. ಎಂಟು ರಬ್ಬರು ಮನೆಗಳಾಗಿ ವಿಭಾಗಗೊಂಡ ಆ ಹಲಗೆಗೆ ನಮ್ಮ ಕಡೆಯ ವಾದ್ಯಗೋಷ್ಠಿಗಳಲ್ಲಿ ರಿದಂ ಪ್ಯಾಡ್ ಎಂಬ ಹೆಸರು ನಿಂತಿದೆ. ಜಪಾನಿನ ರೋಲ್ಯಾಂಡ್ ಸಂಸ್ಥೆಯು 1985ರಲ್ಲಿ ಆಕ್ಟಾಪ್ಯಾಡ್ ಎಂದು ಹೊರತಂದ ಯಂತ್ರವೇ ಈ ವಂಶದ ಹಿರಿಯ. ಕುತೂಹಲದ ಸಂಗತಿಯೆಂದರೆ, ಆ ಹಿರಿಯನಿಗೆ ಸ್ವಂತ ಧ್ವನಿಯೇ ಇರಲಿಲ್ಲ. ಪೆಟ್ಟು ಬಿದ್ದುದನ್ನು ಗ್ರಹಿಸಿ ಪಕ್ಕದ ಮತ್ತೊಂದು ಯಂತ್ರಕ್ಕೆ ವರದಿ ಮಾಡುವುದಷ್ಟೇ ಅದರ ಕೆಲಸ. ಆಲಿಸುವುದು ಬೇರೆ, ನುಡಿಯುವುದು ಬೇರೆ ಎಂಬ ಈ ಭೇದವನ್ನು ಮನಗಾಣದೆ ತನ್ನ ಎಲೆಕ್ಟ್ರಾನಿಕ್ ಡ್ರಮ್ ಸೆಟ್ಟನ್ನು ಬೆಳೆಸಹೊರಟವನ ಬಳಿ ಸದ್ದುಗಳ ಸಂಖ್ಯೆಯೇನೋ ಬೆಳೆದೀತು, ವಾದ್ಯ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಹಲಗೆಯ ಹಿಂಬದಿಯ ತಿರುಪುಗಳನ್ನು ಬಿಚ್ಚಿದರೆ ಕಾಣುವುದು ಬಹು ಸ್ವಲ್ಪ: ರಬ್ಬರಿನ ಕೆಳಗೊಂದು ತಗಡು, ತಗಡಿನಡಿಯಲ್ಲಿ ಅಂಟಿಸಿದ, ಹಿಂದಿನ ಕಾಲದ ದೊಡ್ಡ ಒಂದು ರೂಪಾಯಿ ನಾಣ್ಯದಷ್ಟಗಲದ ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಮೇಲೆ ಬಿಳಿಯ ಪಿಂಗಾಣಿಯ ತೆಳುವಾದ ಪದರ, ಅದರಿಂದ ಹೊರಟ ಎರಡು ತಂತಿಗಳು. ಕೆಲವು ಸ್ಫಟಿಕಗಳನ್ನು ಅದುಮಿದರೆ ಅವುಗಳ ಮುಖಗಳಲ್ಲಿ ವಿದ್ಯುದಂಶ ತಲೆದೋರುವುದೆಂದು ಫ್ರಾನ್ಸಿನ ಜಾಕ್ ಮತ್ತು ಪಿಯೇರ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರಷ್ಟೆ; ಸೀಸ, ಜಿರ್ಕೋನಿಯಂ, ಟೈಟಾನಿಯಂಗಳನ್ನು ಕೂಡಿಸಿ ಸುಟ್ಟು ತಯಾರಿಸಿದ ಈ ಪಿಂಗಾಣಿಗೂ ಅದೇ ಗುಣವುಂಟು. ಕಡ್ಡಿಯ ಪೆಟ್ಟಿಗೆ ತಗಡು ಕಂಪಿಸುತ್ತದೆ, ಬಿಲ್ಲೆ ಬಾಗುತ್ತದೆ, ತಂತಿಯಲ್ಲಿ ವಿದ್ಯುತ್ತಿನ ಒಂದು ಅಲೆ ಹರಿಯುತ್ತದೆ. ಬಲವಾದ ಪೆಟ್ಟಿಗೆ ಹತ್ತಾರು ವೋಲ್ಟುಗಳು ಹುಟ್ಟುವುದೂ ಉಂಟಾದ್ದರಿಂದ, ಮುಂದಿನ ಸೂಕ್ಷ್ಮ ಭಾಗಗಳು ಸುಡದಂತೆ ಹತ್ತು ಲಕ್ಷ ಓಮಿನ ಪ್ರತಿರೋಧಕವೊಂದನ್ನೂ ಡಯೋಡುಗಳನ್ನೂ ನಡುವೆ ಕಾವಲಿಡುವುದು ವಾಡಿಕೆ.

ಆ ಅಲೆಗೆ ಅರ್ಥ ಕೊಡುವುದು ಮಾಡ್ಯೂಲು, ಎಂದರೆ ಯಂತ್ರದ ಮಿದುಳು. ಅಲೆಯು ಗೊತ್ತಾದ ಮಟ್ಟವನ್ನು ದಾಟಿದರಷ್ಟೇ ಅದನ್ನು ಪೆಟ್ಟೆಂದು ಅದು ಒಪ್ಪುತ್ತದೆ. ಒಪ್ಪಿದ ಮೇಲೆ ಒಂದೆರಡು ಮಿಲಿಸೆಕೆಂಡು ಕಾದು ಅಲೆಯ ಶಿಖರವನ್ನು ಅಳೆಯುತ್ತದೆ. ಬಳಿಕ ಅದೇ ಪೆಟ್ಟಿನ ಉಳಿದ ನಡುಕವನ್ನು ಮತ್ತೊಂದು ಪೆಟ್ಟೆಂದು ಭ್ರಮಿಸದಿರಲೆಂದು ಕೊಂಚ ಹೊತ್ತು ಬೇಕೆಂದೇ ಕಿವುಡಾಗಿರುತ್ತದೆ. ಅಳೆದ ಬಲವನ್ನು, 1983ರಲ್ಲಿ ಜಾರಿಗೆ ಬಂದ ಮಿಡಿ ಎಂಬ ವಾದ್ಯಸಂಕೇತದ ನಿಯಮಕ್ಕನುಸಾರವಾಗಿ, 1ರಿಂದ 127ರವರೆಗಿನ ಒಂದು ಅಂಕೆಯಾಗಿ ಬರೆಯಲಾಗುತ್ತದೆ. ಸೆಕೆಂಡಿಗೆ 31,250 ಬಿಟ್ಟುಗಳ ವೇಗದಲ್ಲಿ ಈ ಸಂದೇಶ ತಂತಿಯಲ್ಲಿ ಸಾಗಲು ಸುಮಾರು ಒಂದು ಮಿಲಿಸೆಕೆಂಡು ಹಿಡಿಯುತ್ತದೆ. ಈ ವಿಳಂಬಗಳನ್ನು ಕೇಳಿ ಗಾಬರಿಪಡುವ ವಾದಕರಿಗೆ ಒಂದು ಸಮಾಧಾನವುಂಟು: ಎರಡು ಮೀಟರು ದೂರದ ಸ್ಪೀಕರಿನಿಂದ ಸದ್ದು ಕಿವಿಗೆ ತಲುಪಲು ಗಾಳಿಯಲ್ಲಿಯೇ ಸುಮಾರು ಆರು ಮಿಲಿಸೆಕೆಂಡು ಕಳೆದುಹೋಗುತ್ತದೆ.

ಈಗ ವಿಸ್ತರಣೆಯ ಮಾತಿಗೆ ಬರೋಣ. ಸೆಟ್ಟಿಗೆ ಇನ್ನೊಂದು ಟಾಮ್, ಇನ್ನೊಂದು ಸಿಂಬಲ್ ಸೇರಿಸಬೇಕೆಂಬ ಆಸೆ ಸಹಜವಾದದ್ದೇ. ಆದರೆ ಎಷ್ಟು ಸೇರಿಸಬಹುದೆಂಬುದು ಮಾಡ್ಯೂಲಿನ ಹಿಂಬದಿಯಲ್ಲಿ ಎಷ್ಟು ಜ್ಯಾಕುಗಳಿವೆ ಎಂಬುದನ್ನವಲಂಬಿಸುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಎಲ್ಲ ತಂತಿಗಳನ್ನೂ ಒಂದೇ ಕಟ್ಟಾಗಿ ಹೆಣೆದು ಒಂದೇ ಸಾಕೆಟ್ಟಿಗೆ ಸಿಕ್ಕಿಸಿರುವುದರಿಂದ ಅಲ್ಲಿ ಬೆಳವಣಿಗೆಗೆ ಅವಕಾಶ ಬಹು ಕಡಿಮೆ. ಬಿಡಿ ಜ್ಯಾಕುಗಳಿದ್ದಲ್ಲಿ, ಸ್ಟೀರಿಯೋ ತಂತಿಯ ಒಂದೆಳೆಯಲ್ಲಿ ಚರ್ಮದ ಭಾಗದ ಪೆಟ್ಟನ್ನೂ ಇನ್ನೊಂದೆಳೆಯಲ್ಲಿ ಅಂಚಿನ ಪೆಟ್ಟನ್ನೂ ಕಳುಹಿಸುವ ಇಬ್ಬಗೆಯ ಪ್ಯಾಡುಗಳನ್ನು ಜೋಡಿಸಬಹುದು; ಅಥವಾ ಆ ಎರಡು ಎಳೆಗಳನ್ನು ಕವಲು ತಂತಿಯಿಂದ ಬೇರ್ಪಡಿಸಿ ಎರಡು ಸರಳ ಪ್ಯಾಡುಗಳಿಗೆ ಹಂಚಬಹುದು. ಒಬ್ಬ ತಯಾರಕನು ಅಂಚಿಗೆ ಎರಡನೆಯ ಬಿಲ್ಲೆಯನ್ನಿಟ್ಟರೆ ಮತ್ತೊಬ್ಬನು ಒತ್ತಿದಾಗ ಕೂಡುವ ಸ್ವಿಚ್ಚನ್ನಿಡುವುದರಿಂದ, ಒಂದು ಮನೆತನದ ಪ್ಯಾಡು ಇನ್ನೊಂದು ಮನೆತನದ ಮಾಡ್ಯೂಲಿನೊಡನೆ ಮುನಿಸಿಕೊಳ್ಳುವುದುಂಟು. ಕೊಳ್ಳುವ ಮುನ್ನ ಜೋಡಿಸಿ ಬಾರಿಸಿ ನೋಡತಕ್ಕದ್ದು.

ಎಲ್ಲವನ್ನೂ ಒಂದೇ ಚೌಕಟ್ಟಿಗೆ ಬಿಗಿದಾಗ, ಒಂದಕ್ಕೆ ಕೊಟ್ಟ ಪೆಟ್ಟು ಕಬ್ಬಿಣದ ಕೊಳವೆಯ ಮೂಲಕ ಹರಿದು ಪಕ್ಕದ್ದನ್ನೂ ನುಡಿಸುವ ಪೀಡೆ ತಪ್ಪಿದ್ದಲ್ಲ. ಹಲಗೆ ಹಾಸಿದ ಜಾತ್ರೆಯ ವೇದಿಕೆಯಲ್ಲಂತೂ ಗಾಯಕರ ಹೆಜ್ಜೆಗೂ ಬಾಸ್ ಸ್ಪೀಕರಿನ ಗುಡುಗಿಗೂ ಪ್ಯಾಡುಗಳು ಮರುನುಡಿಯುತ್ತವೆ. ಒಪ್ಪಿಗೆಯ ಮಟ್ಟವನ್ನು ಮೇಲೇರಿಸಿದರೆ ಈ ಗಲಭೆ ನಿಂತೀತು, ಆದರೆ ಅದರೊಡನೆ ಬೆರಳ ತುದಿಯ ಮೆಲುಪೆಟ್ಟುಗಳೂ ಅಳಿಸಿಹೋಗುತ್ತವೆ. ಕಾಲುಗಳ ಕೆಳಗೆ ದಪ್ಪ ರಬ್ಬರನ್ನು ಹಾಸುವುದು ಅಗ್ಗವೂ ಮೇಲೂ ಆದ ಉಪಾಯ.

ಇಷ್ಟು ಮಾಡಿದರೂ ಉಳಿಯುವ ಒಂದು ಕೊರತೆಯನ್ನು ಅರಿಯಲು ನಮ್ಮ ಸೀಮೆಯ ಕಲ್ಲುಗಳ ಬಳಿಗೇ ಹೋಗಬಹುದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವಾಲಯದಲ್ಲಿಯೂ, ಹಳೇಬೀಡಿನ ಹೊಯ್ಸಳೇಶ್ವರದ ಭಿತ್ತಿಗಳಲ್ಲಿಯೂ ನರ್ತಿಸುವ ಮೂರ್ತಿಗಳ ಇಕ್ಕೆಲದಲ್ಲಿ ಮದ್ದಳೆಗಾರರು ನಿಂತಿದ್ದಾರೆ. ಬಳಪದ ಕಲ್ಲಿನ ಮೃದುತ್ವದ ಬಲದಿಂದ ಶಿಲ್ಪಿಗಳು ವಾದ್ಯದ ಬಿಗಿಹುರಿಗಳನ್ನೂ ಬಿಡದೆ ಕೊರೆದಿರುವುದನ್ನು ನೋಡುವವನು ಮುಖ್ಯವಾಗಿ ಗಮನಿಸಬೇಕಾದದ್ದು ಕೈಗಳನ್ನು: ಅವು ವಾದ್ಯವನ್ನು ಬರಿದೇ ಹೊಡೆಯುವ ಕೈಗಳಲ್ಲ, ಮುಟ್ಟುವ ಕೈಗಳು. ನಡು ಸಣ್ಣಗಿರುವ ಢಕ್ಕೆಯ ಜಾತಿಯ ವಾದ್ಯಗಳಲ್ಲಿ ಹುರಿಗಳನ್ನು ಹಿಂಡಿದಷ್ಟೂ ಚರ್ಮ ಬಿಗಿದು ಶ್ರುತಿ ಏರುತ್ತದೆ. ಈ ಒಂದು ಕ್ರಿಯೆಯನ್ನು ಎಲೆಕ್ಟ್ರಾನಿಕ್ ವಾದಕನು ಕಾಲಿನ ಪೆಡಲಿನಿಂದ ಹೇಗೋ ಅನುಕರಿಸಿಯಾನು. ಮೃದಂಗದ ಸಂಗತಿ ಅಷ್ಟು ಸುಲಭವಲ್ಲ.

ಸಮನಾಗಿ ಬಿಗಿದ ಬರಿಯ ಚರ್ಮದ ಕಂಪನಗಳು 1, 1.59, 2.14, 2.30 ಎಂಬ ಅಡ್ಡಾದಿಡ್ಡಿ ಅನುಪಾತದಲ್ಲಿರುವುದರಿಂದ ಅದರ ಧ್ವನಿಗೆ ಖಚಿತವಾದ ಸ್ಥಾಯಿ ಇರುವುದಿಲ್ಲ. ಚರ್ಮದ ನಡುವೆ ಕಪ್ಪು ಕರಣೆಯನ್ನು ಪದರಪದರವಾಗಿ ಮೆತ್ತಿದ ನಮ್ಮ ವಾದ್ಯಗಳಲ್ಲಾದರೋ ಆ ಅನುಪಾತ 1, 2, 3, 4, 5 ಎಂದು ಸರಿಹೊಂದಿ, ತಂತಿವಾದ್ಯದಂತೆ ಸ್ವರ ಹೊಮ್ಮುತ್ತದೆ. ಇದನ್ನು ಸಿ. ವಿ. ರಾಮನ್ ಅವರು ಶಿವಕಾಲಿ ಕುಮಾರರೊಡನೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ, ಚರ್ಮದ ಮೇಲೆ ನುಣ್ಣನೆಯ ಮರಳನ್ನುದುರಿಸಿ ಪಡೆದ ಚಿತ್ರಗಳೊಡನೆ, ವಿಸ್ತಾರವಾಗಿ ವಿವರಿಸಿದರು. ವಾದಕನು ಉಂಗುರದ ಬೆರಳನ್ನು ಚರ್ಮದ ಮೇಲೆ ಹಗುರವಾಗಿ ಊರಿ ತೋರುಬೆರಳಿನಿಂದ ಅಂಚನ್ನು ಮೀಟಿದಾಗ, ಊರಿದ ಬೆರಳಿನ ಜಾಗ ಅಲುಗದೆ ನಿಂತು, ಮೂಲಸ್ವರ ಅಡಗಿ ಎರಡನೆಯದು ಮೊಳಗುತ್ತದೆ. ಒಂದು ಬೆರಳು ಹೊಡೆಯುತ್ತದೆ, ಇನ್ನೊಂದು ಏನೂ ಮಾಡದೆ ಇರುತ್ತದೆ. ನಾದವನ್ನು ನಿರ್ಧರಿಸುವುದು ಆ ಎರಡನೆಯದೇ.

ಪ್ಯಾಡಿನೊಳಗಿನ ಬಿಲ್ಲೆ ಕಾಣಲಾರದ್ದು ಸರಿಯಾಗಿ ಇದನ್ನೇ. ಒತ್ತಡವು ಬದಲಾದಾಗ ಮಾತ್ರ ಅದರಲ್ಲಿ ವಿದ್ಯುತ್ತು ಹರಿಯುತ್ತದೆ; ಸುಮ್ಮನೆ ಊರಿದ ಬೆರಳಿನ ಭಾರದಿಂದ ಹುಟ್ಟಿದ ವಿದ್ಯುದಂಶವು ಕಾವಲಿನ ಪ್ರತಿರೋಧಕದ ಮೂಲಕ ಕ್ಷಣಾರ್ಧದಲ್ಲಿ ಸೋರಿಹೋಗುತ್ತದೆ. ಆದುದರಿಂದ ನಿಜವಾದ ಉನ್ನತೀಕರಣವೆಂದರೆ ಗ್ರಹಣಶಕ್ತಿಯ ಉನ್ನತೀಕರಣವೆಂದೇ ನನ್ನ ಅಭಿಪ್ರಾಯ. 1997ರಲ್ಲಿ ರಬ್ಬರಿನ ಬದಲು ಹೆಣೆದ ಬಲೆಯ ಮುಖವನ್ನು ಬಿಗಿದ ಪ್ಯಾಡುಗಳು ಬಂದು ಕಡ್ಡಿಯ ಪುಟಿತವನ್ನು ಸಹಜಗೊಳಿಸಿದವು; 2016ರಲ್ಲಿ ಅದೇ ರೋಲ್ಯಾಂಡ್ ಸಂಸ್ಥೆಯ ಟಿಡಿ-50 ಎಂಬ ಮಾಡ್ಯೂಲಿನೊಡನೆ ಬಂದ ಸ್ನೇರ್, ಒಂದರ ಬದಲು ಹಲವು ಸಂವೇದಕಗಳಿಂದ ಪೆಟ್ಟು ಬಿದ್ದ ಸ್ಥಳವನ್ನೂ ಊರಿದ ಅಂಗೈಯನ್ನೂ ಗುರುತಿಸತೊಡಗಿತು; 2020ರಲ್ಲಿ ಅಂಗೀಕೃತವಾದ ಮಿಡಿಯ ಎರಡನೆಯ ಆವೃತ್ತಿಯಲ್ಲಿ ಪೆಟ್ಟಿನ ಬಲಕ್ಕೆ 65,536 ಮೆಟ್ಟಿಲುಗಳಿವೆ. ನಮ್ಮ ನಾಡಿನ ಶೋಧಕರು ಹಿಡಿದ ದಾರಿಗಳು ಬೇರೆ. 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆಯ ತಾಳೋಮೀಟರು ಕೈಯ ಹಂಗಿಲ್ಲದೆ ತಾನೇ ತಾಳ ನುಡಿಸುವ ಯಂತ್ರ. ಅದೇ ಊರಿನ ಕೆ. ವರದರಂಗನ್ ಅವರಾದರೋ ಕೈಯನ್ನು ಹಾಗೆಯೇ ಉಳಿಸಿಕೊಂಡು, ಚರ್ಮಕ್ಕೆ ಬದಲಾಗಿ ಕೃತಕ ಪೊರೆಯನ್ನು ಬಿಗಿದ ಶ್ರೀ ಮೃದಂಗವನ್ನು ನಿರ್ಮಿಸಿದರು.

ಧ್ವನಿಯ ಕಡೆಯ ಕೆಲಸ ಇದಕ್ಕಿಂತ ಸುಲಭವಾದದ್ದು. ಹೊರಗಿನ ಸದ್ದನ್ನು ತುಂಬಿಕೊಳ್ಳಬಲ್ಲ ಸ್ಯಾಂಪ್ಲಿಂಗ್ ಪ್ಯಾಡ್ ಇದ್ದರೆ ಅರಸೀಕೆರೆಯ ವಾದಕನು ಅದನ್ನು ಊರಲ್ಲಿಯೇ ಮುಗಿಸಬಹುದು. ಸೆಕೆಂಡಿಗೆ 44,100 ಮಾದರಿಗಳಂತೆ, ಮಾದರಿಗೆ ಎರಡು ಬೈಟಿನಂತೆ, ಎರಡು ಸೆಕೆಂಡಿನ ಒಂದು ಪೆಟ್ಟಿಗೆ ಬೇಕಾಗುವ ಜಾಗ 1,76,400 ಬೈಟು ಮಾತ್ರ; ಹತ್ತು ಬಲಗಳಲ್ಲಿ ಹತ್ತು ಪೆಟ್ಟುಗಳನ್ನು ಹಿಡಿದರೂ ಹದಿನೆಂಟು ಲಕ್ಷ ಬೈಟನ್ನು ಮುಟ್ಟುವುದಿಲ್ಲ. ಒಂದೇ ಪೆಟ್ಟನ್ನು ಜೋರಾಗಿಯೂ ಮೆಲ್ಲಗೂ ಬಳಸಿದರೆ ಯಂತ್ರದ ಗುಟ್ಟು ರಟ್ಟಾಗುತ್ತದೆ. ಏಕೆಂದರೆ ಜೋರಿನ ಪೆಟ್ಟಿನಲ್ಲಿ ಮೇಲಿನ ಸ್ವರಾಂಶಗಳ ಪಾಲೇ ಬೇರೆ. ತಮಟೆಯನ್ನು ಮುದ್ರಿಸಿಕೊಳ್ಳುವವರು ಅದನ್ನು ಬೆಂಕಿಗೆ ಹಿಡಿದು ಕಾಯಿಸಿದೊಡನೆಯೇ ಕೆಲಸಕ್ಕೆ ತೊಡಗಬೇಕು: ಗಾಳಿಯ ತೇವವನ್ನು ಹೀರಿದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುವುದರಿಂದ, ಮೊದಲ ಪೆಟ್ಟಿಗೂ ಹತ್ತನೆಯದಕ್ಕೂ ನಡುವೆ ತಡವಾದರೆ ಅವು ಎರಡು ಬೇರೆ ತಮಟೆಗಳಂತೆ ಕೇಳಿಸುತ್ತವೆ.