ಅಳಿಸಿದ ಮೇಲೂ ಉಳಿದ ಪಟ

2019ರ ನವೆಂಬರಿನಲ್ಲಿ, ವಕೀಲ ಸಂಜಯ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದ ಗಲಾಟೆಯಲ್ಲಿ ಬಹಳಷ್ಟು ಭಾರತೀಯರು ಮಾಸ್ಟೊಡಾನ್ ಎಂಬ ಇನ್ನೊಂದು ಸಾಮಾಜಿಕ ಜಾಲಕ್ಕೆ ಹೋದರು, ನಾನೂ ಹೋದೆ. ಒಂದು ಸಂಜೆ ಹೂಡೆಯ ಕಡಲತೀರದಲ್ಲಿ ಕೈರಂಪಣಿ ಬಲೆ ಎಳೆಯುವವರ ಪಟ ಹಾಕಿದೆ. ಪಕ್ಕದ ಮನೆಯ ಅಕ್ಕ, "ನನ್ನ ಮಗಳ ಮುಖ ಕಾಣ್ತದೆ ಮಾರಾಯ್ರೆ, ತೆಗೀರಿ" ಎಂದರು. ಕೂಡಲೇ ಅಳಿಸಿದೆ. ಎರಡು ದಿನ ಬಿಟ್ಟು ನೋಡಿದರೆ, ಬೇರೊಂದು ಸರ್ವರಿನಲ್ಲಿ ಪಟ ಹಾಗೇ ಇತ್ತು!

ಮಾಸ್ಟೊಡಾನ್‌ನಲ್ಲಿ ಒಬ್ಬನೇ ಯಜಮಾನನಿಲ್ಲ; ಬೇರೆ ಬೇರೆಯವರು ನಡೆಸುವ ಸರ್ವರುಗಳು ಸೇರಿ ಆದ ಜಾಲ ಅದು. ನಮ್ಮ ಪೋಸ್ಟಿನ ನಕಲು ಹಿಂಬಾಲಕರಿರುವ ಸರ್ವರುಗಳಿಗೆಲ್ಲ ಹೋಗುತ್ತದೆ. ಅಳಿಸಿದಾಗ ಅವಕ್ಕೆ 'ತೆಗೆದುಹಾಕಿ' ಎಂಬ ಸಂದೇಶ ಹೊರಡುತ್ತದೆ. ಅದು ಕೋರಿಕೆ ಅಷ್ಟೆ. ಆ ಹೊತ್ತಿಗೆ ಸರ್ವರ್ ಕೆಟ್ಟು ನಿಂತಿದ್ದರೆ, ಸಂಪರ್ಕ ಕಡಿದುಕೊಂಡಿದ್ದರೆ, ನಕಲು ಉಳಿಯಬಹುದು. ಈ ಸರ್ವರುಗಳು ಪರಸ್ಪರ ಮಾತಾಡಲು ಬಳಸುವ, 2018ರಲ್ಲಿ ಮಾನ್ಯವಾದ ಆಕ್ಟಿವಿಟಿಪಬ್ ನಿಯಮಾವಳಿ, ಅಳಿಸಿದ ಬರಹದ ಜಾಗದಲ್ಲಿ ಒಂದು 'ಗೋರಿಕಲ್ಲು', ಅಂದರೆ ಇಲ್ಲಿದ್ದದ್ದನ್ನು ಅಳಿಸಲಾಗಿದೆ ಎಂಬ ಗುರುತು, ಇಡಲು ಅವಕಾಶ ಕೊಡುತ್ತದೆ.

ನನ್ನ ಪಟ ಉಳಿದಿದ್ದ ಸರ್ವರ್ ನಡೆಸುವವರಿಗೆ ಬರೆದೆ. ಮರುದಿನ ಪಟ ಹೋಯಿತು. ಅಕ್ಕನಿಗೆ ಹೋಗಿ ಹೇಳಿದೆ.