ಒಡನಾಡಿಗಳ ಕರೆ: ವಿಕಲಚೇತನ ತರುಣರು ಮತ್ತು ಕ್ರೀಡಾಂಗಣ

ದೈಹಿಕ ನ್ಯೂನತೆಯುಳ್ಳ ಬಾಲಕ ಬಾಲಕಿಯರು ಆಟದ ಬಯಲಿನಿಂದ ದೂರ ಉಳಿಯಲು ದೇಹದ ಮಿತಿಯೊಂದೇ ಕಾರಣವಲ್ಲ. ಶಾಲೆಯ ಆಟದ ಅವಧಿಯಲ್ಲಿ ಗೆಳೆಯರೆಲ್ಲ ಬಯಲಿಗಿಳಿದಾಗ ಇವರ ಪಾಲಿಗೆ ಬರುವುದು ಬಹುವಾಗಿ ಚೀಲ ಕಾಯುವ ಅಥವಾ ಅಂಕ ಬರೆಯುವ ಕೆಲಸ. ಇದರ ಹಿಂದೆ ಇರುವುದು ಕನಿಕರವೇ. ಆದರೆ “ಪಾಪ, ಅವನಿಗೇಕೆ ತೊಂದರೆ” ಎಂಬ ಮಾತನ್ನು ದಿನವೂ ಕೇಳುವ ಮಗು, ತನ್ನಿಂದಾಗದೆಂದು ಕೊನೆಗೆ ತಾನೇ ನಂಬಿಬಿಡುತ್ತದೆ. ಹಿರಿಯರ ನೂರು ಹಿತವಚನಗಳು ಅಳಿಸಲಾರದ ಆ ನಂಬಿಕೆಯನ್ನು ಓರಗೆಯವನೊಬ್ಬನ “ಬಾ, ನಮ್ಮ ತಂಡಕ್ಕೆ ಒಬ್ಬರು ಬೇಕು” ಎಂಬ ಕರೆ ಸಡಿಲಿಸಬಲ್ಲದು.

ಪ್ಯಾರಾಲಿಂಪಿಕ್ಸ್‌ನ ಮೂಲವೂ ಇಂತಹ ಒಡನಾಟದಲ್ಲಿದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಯೋಧರಿಗೆ ವೈದ್ಯ ಲುಡ್ವಿಗ್ ಗುಟ್‌ಮನ್ ಅವರು ಆಟವನ್ನೇ ಚಿಕಿತ್ಸೆಯ ಭಾಗವಾಗಿಸಿದರು. 1948ರ ಜುಲೈ 29ರಂದು ಅಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಕ್ರೀಡಾಪಟುಗಳು ಸೇರಿದರು.

ನಮ್ಮ ನಾಡಿನಲ್ಲಿಯೂ ಉದಾಹರಣೆಯುಂಟು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಏಕೈಕ ಪದಕವದು. ಮುಂದೆ ಬೆಂಗಳೂರಿನಲ್ಲಿ ತರಬೇತಿ ಪಡೆದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು 2016ರ ರಿಯೊ ಕೂಟದ ಎತ್ತರ ಜಿಗಿತದಲ್ಲಿ ಚಿನ್ನ ಗೆದ್ದರು. ಅದೇ ಸ್ಪರ್ಧೆಯ ಕಂಚು ವರುಣ್ ಸಿಂಗ್ ಭಾಟಿ ಅವರದಾಯಿತು. ತನ್ನಂತೆಯೇ ಕಾಲಿನ ನ್ಯೂನತೆಯುಳ್ಳವನು ಜಿಗಿದುದನ್ನು ಕಂಡ ತರುಣನಿಗೆ, ತಾನೂ ಜಿಗಿಯಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗದು.

ಒಳ್ಳೆಯ ನಿಯಮಗಳು ಈ ಒಡನಾಟಕ್ಕೆ ಆಸರೆಯಾಗುತ್ತವೆ. ಗಾಲಿಕುರ್ಚಿ ಬಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ಆಟಗಾರನಿಗೂ ಅವನ ದೇಹದ ಚಲನಶಕ್ತಿಗೆ ಅನುಸಾರವಾಗಿ 1ರಿಂದ 4.5ರವರೆಗೆ ಅಂಕ ನಿಗದಿಯಾಗಿರುತ್ತದೆ. ಅಂಗಣದಲ್ಲಿರುವ ಐವರ ಒಟ್ಟು ಅಂಕ 14ನ್ನು ಮೀರುವಂತಿಲ್ಲ. ಆದ್ದರಿಂದ ತೀವ್ರ ನ್ಯೂನತೆಯುಳ್ಳವನೂ ತಂಡಕ್ಕೆ ಅನಿವಾರ್ಯನಾಗುತ್ತಾನೆ. ಕುಳಿತು ಆಡುವ ವಾಲಿಬಾಲ್‌ನಲ್ಲಿ ನೆಲ ಬಿಟ್ಟು ಏಳುವಂತಿಲ್ಲ. ಬಲೆಯನ್ನು ತಗ್ಗಿಸಿ ಕಟ್ಟಿದರೆ ಊರಿನ ಹುಡುಗರೆಲ್ಲರೂ ಸಮಾನರಾಗಿ ಕುಳಿತು ಆಡಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಕ್ರೀಡೆಯಲ್ಲಿ ವಿಕಲಚೇತನರು ಪಾಲ್ಗೊಳ್ಳುವಂತೆ ಕ್ರಮ ಕೈಗೊಳ್ಳುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಆದರೆ ಗೆಳೆತನವನ್ನು ಯಾವ ಕಾಯ್ದೆಯೂ ಒದಗಿಸಲಾರದು. ಪಾಲಕರು ಬಿದ್ದಾರೆಂಬ ಭಯದಿಂದ ಮಕ್ಕಳನ್ನು ಮನೆಯಲ್ಲಿರಿಸದೆ, ವೈದ್ಯರ ಸಲಹೆ ಪಡೆದು ಬಯಲಿಗೆ ಕಳುಹಿಸಬೇಕು. ಶಿಕ್ಷಕರು ಅಂಕ ಬರೆಯುವ ಕೆಲಸವನ್ನು ಸರದಿಯಂತೆ ಎಲ್ಲರಿಗೂ ಹಂಚಬೇಕು. ತರುಣರು ತಂಡ ಕಟ್ಟುವಾಗ ಬಯಲಿನ ಅಂಚಿನಲ್ಲಿ ಕುಳಿತವನ ಹೆಸರನ್ನು ಮೊದಲು ಕರೆಯಲಿ.