ಕೊಯ್ನಾ: ಭಾರದ ಬಲದಿಂದ ನಿಂತ ಕಟ್ಟೆ

ಕೃಷ್ಣೆಯಂತೆ ಕೊಯ್ನೆಯೂ ಮಹಾಬಳೇಶ್ವರದಲ್ಲಿ ಹುಟ್ಟಿದವಳು. ಆದರೆ ಈಕೆ ಪೂರ್ವದ ದಾರಿಯನ್ನು ಕೂಡಲೆ ಹಿಡಿಯುವುದಿಲ್ಲ. ಸಹ್ಯಾದ್ರಿಯ ಸಾಲಿಗೆ ಸಮಾನಾಂತರವಾಗಿ ಸುಮಾರು 65 ಕಿಲೋಮೀಟರು ದಕ್ಷಿಣಕ್ಕೆ ಹರಿದು, ಹೆಳವಾಕದ ಬಳಿ ಪೂರ್ವಕ್ಕೆ ಹೊರಳಿ, ನಮ್ಮ ಶಾಸನಗಳ ಕರಹಾಟವಾದ ಇಂದಿನ ಕರಾಡದಲ್ಲಿ ಅಕ್ಕನನ್ನು ಕೂಡುತ್ತಾಳೆ. ಈ ನದಿಯ ಪಡುವಣ ದಿಕ್ಕಿಗೆ, ಬೆಟ್ಟದ ಒಂದೇ ಗೋಡೆಯಾಚೆ, ಕೊಂಕಣವು ಪಾತಾಳದಂತೆ ಕೆಳಗಿದೆ. ಎಂಜಿನಿಯರರ ಕಣ್ಣಿಗೆ ಬಿದ್ದುದು ಈ ಎತ್ತರದ ಅಂತರ. ನದಿಯನ್ನು ತಡೆದು, ಬೆಟ್ಟವನ್ನು ಕೊರೆದು, ನೀರನ್ನು ಪಶ್ಚಿಮಕ್ಕೆ ಕೆಡಹಿದರೆ ಸುಮಾರು 475 ಮೀಟರಿನ ಪತನವು ದೊರೆಯುತ್ತದೆ. ಪೋಫಳಿಯ ನೆಲದೊಳಗಿನ ವಿದ್ಯುದಾಗಾರದಲ್ಲಿ 1962ರಲ್ಲಿ ಉತ್ಪಾದನೆ ಆರಂಭವಾಯಿತು. ನಾಲ್ಕು ಹಂತಗಳೂ ಮುಗಿದಾಗ ಇಡೀ ಯೋಜನೆಯ ಸಾಮರ್ಥ್ಯ 1,960 ಮೆಗಾವಾಟ್ ಆಯಿತು.

ಕಟ್ಟೆಯ ಎತ್ತರ 103 ಮೀಟರು, ಉದ್ದ 807 ಮೀಟರು. ಇದು ಕಮಾನಿನಂತೆ ಇಕ್ಕೆಲದ ಬಂಡೆಗಳಿಗೆ ಹೊರೆಯನ್ನು ಒಪ್ಪಿಸುವ ಜಾತಿಯದಲ್ಲ. ತನ್ನ ಭಾರವೊಂದನ್ನೇ ನಂಬಿ ನಿಂತದ್ದು. ಆ ಭಾರವೆಷ್ಟಿರಬೇಕು? ನೀರಿನ ಒತ್ತಡ ಆಳಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 50 ಮೀಟರು ಆಳದ ನೀರು ಕಟ್ಟೆಯ ಪ್ರತಿ ಮೀಟರು ಉದ್ದವನ್ನು 1,250 ಟನ್ನುಗಳಷ್ಟು ನೂಕಿದರೆ, 100 ಮೀಟರು ಆಳದ್ದು 5,000 ಟನ್ನು ನೂಕುತ್ತದೆ. ಆಳ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟು. ಕಟ್ಟೆಯ ಅಡಿ ಅಗಲವಾಗಿ, ತಲೆ ಕಿರಿದಾಗಿ ಇರುವುದು ಅಂದಕ್ಕಾಗಿಯಲ್ಲ. ಇನ್ನೊಂದು ಶತ್ರು ಕಣ್ಣಿಗೆ ಕಾಣದ್ದು: ತಳದ ಬಿರುಕುಗಳಲ್ಲಿ ನುಸುಳಿದ ನೀರು ಕಟ್ಟೆಯನ್ನು ಮೇಲಕ್ಕೆತ್ತಿ ಅದರ ಭಾರವನ್ನೇ ಕದಿಯುತ್ತದೆ. ಫ್ರಾನ್ಸಿನ ಬೂಜೆ ಕಟ್ಟೆ 1895ರಲ್ಲಿ ಒಡೆದ ಬಳಿಕ ಈ ಪಾಠವನ್ನು ಯಾರೂ ಮರೆಯಲಿಲ್ಲ. ಆದುದರಿಂದಲೇ ಕಟ್ಟೆಯ ಒಡಲಲ್ಲಿ ಸುರಂಗಗಳನ್ನು ಬಿಟ್ಟು, ಸೋರಿದ ನೀರನ್ನು ಹೊರಗೆ ಹರಿಸುತ್ತಾರೆ.

ಇಷ್ಟೆಲ್ಲವೂ ನಿಶ್ಚಲವಾದ ನೆಲದ ಮೇಲಿನ ಲೆಕ್ಕ. ದಖ್ಖಣದ ಕಪ್ಪುಶಿಲೆಯಷ್ಟು ಸ್ಥಿರವಾದ ನೆಲ ಬೇರಿಲ್ಲವೆಂದು ಆಗ ವಿದ್ವಾಂಸರೂ ನಂಬಿದ್ದರು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಆ ನಂಬಿಕೆ ಅಲುಗಿತು. ಸುಮಾರು 6.5 ಪ್ರಮಾಣದ ಭೂಕಂಪದಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಜನ ಸತ್ತರು; ಕೊಯ್ನಾನಗರದ ಮನೆಗಳು ನೆಲಕ್ಕುರುಳಿದವು; ಮುಂಬಯಿ ಪುಣೆಗಳಲ್ಲಿಯೂ ಜನ ಎಚ್ಚತ್ತರು. ಕಟ್ಟೆ ಬೀಳಲಿಲ್ಲ, ಆದರೆ ಬಿರಿಯಿತು. ಬಿರಿದ ಸ್ಥಳ ಗಮನಾರ್ಹವಾದುದು. ಕಟ್ಟೆಯನ್ನು ಎರಡು ಹಂತಗಳಲ್ಲಿ ಎತ್ತರಿಸುವ ಮೊದಲಿನ ಯೋಚನೆಯನ್ನು ಕೆಲಸದ ನಡುವೆ ಬಿಟ್ಟು, ಒಮ್ಮೆಗೇ ಪೂರ್ತಿ ಎತ್ತರಕ್ಕೆ ಒಯ್ದುದರಿಂದ, ಕೆಳಮುಖದ ಇಳಿಜಾರು ಒಂದೆಡೆ ಥಟ್ಟನೆ ಬದಲಾಗಿತ್ತು. ತೂಗಾಡಿದ ಭಾರವಾದ ಮೇಲ್ಭಾಗದ ಸೆಳೆತವೆಲ್ಲ ಆ ಮೂಲೆಯಲ್ಲಿಯೇ ಕೂಡಿತು. ತುಳುಕುಗಂಡಿಯಿಲ್ಲದ ಎತ್ತರದ ಭಾಗಗಳು ಅಲ್ಲಿಯೇ ಬಿರುಕುಬಿಟ್ಟವು. ಕಾಂಕ್ರೀಟು ಒತ್ತಡವನ್ನು ತಾಳಿಕೊಳ್ಳುತ್ತದೆ, ಎಳೆತವನ್ನಲ್ಲ. ಆಮೇಲೆ ಬಿರುಕುಗಳಿಗೆ ರಾಳವನ್ನು ತುಂಬಿ, ಉಕ್ಕಿನ ಹುರಿಗಳಿಂದ ಬಿಗಿದು, ಹಿಂಬದಿಗೆ ಕಾಂಕ್ರೀಟಿನ ಆನಿಕೆಗಳನ್ನು ಕೊಟ್ಟರು.

ಜಲಾಶಯವೇ ಭೂಕಂಪವನ್ನು ಪ್ರಚೋದಿಸಿತೆ? ಶಿವಾಜಿಸಾಗರ ತುಂಬತೊಡಗಿದ ಮೇಲೆಯೇ ಇಲ್ಲಿ ಕಂಪನಗಳು ಹೆಚ್ಚಿದವೆಂಬುದೂ, ನೀರಿನ ಮಟ್ಟದ ಏರಿಳಿತಕ್ಕೂ ಅವುಗಳಿಗೂ ನಂಟಿದೆಯೆಂಬುದೂ ಇಂದು ವಿಜ್ಞಾನಿಗಳಲ್ಲಿ ಬಹುಮಟ್ಟಿಗೆ ಒಪ್ಪಿತವಾದ ವಿಷಯ. ನೀರು ಬಿರುಕನ್ನು ಹುಟ್ಟಿಸಲಾರದು. ಮೊದಲೇ ಬಿಗಿದು ನಿಂತ ಬಿರುಕಿನ ಬಂಡೆಗಳು ಜಾರುವಂತೆ ಮಾಡಬಲ್ಲದು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ಪಡುವಣಕ್ಕೆ ಬಿದ್ದ ನೀರು ವಾಶಿಷ್ಠಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ; ಕೃಷ್ಣೆಗೆ ಮರಳುವುದಿಲ್ಲ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಈ ತಿರುವಿಗೆ ವರ್ಷಕ್ಕೆ 67.5 ಟಿ.ಎಂ.ಸಿ. ಅಡಿಯ ಮಿತಿಯನ್ನು ಗೊತ್ತುಮಾಡಿತು. ಬೆಟ್ಟದಿಂದ ಬಿದ್ದ ಪ್ರತಿ ಹನಿಯೂ ಬಯಲಿನಲ್ಲಿ ಬಿದ್ದುದಕ್ಕಿಂತ ಎಷ್ಟೋ ಪಟ್ಟು ವಿದ್ಯುತ್ತನ್ನು ಕೊಡುವುದು ನಿಜ. ಅದೇ ಹನಿ ಪೂರ್ವಕ್ಕೆ ಹರಿದರೆ ಹೊಲಕ್ಕೆ ದಕ್ಕುವುದೂ ನಿಜ. ಪುಣೆಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿ ಕರಾಡದ ಬಳಿ ಕೊಯ್ನೆಯನ್ನು ದಾಟುತ್ತದೆ. ಆ ಸೇತುವೆಯ ಕೆಳಗೆ ಕಾಣುವುದು ಪಡುವಣಕ್ಕೆ ಬೀಳದೆ ಉಳಿದ ನೀರು.